ಚಂದಕವಾಡಿ ಸೀಮೆಯ ನಾರುಬೆಳೆಗಳು: ಒಂದು ಐತಿಹಾಸಿಕ ಅವಲೋಕನ

ಭೋಗಭೂಮಿಯ ಕಾಲದಲ್ಲಿ ಮಾನವನು ಉಡುಗೆತೊಡುಗೆಗಳಿಗಾಗಿ ದುಡಿಯಬೇಕಾಗಿರಲಿಲ್ಲ. ಹತ್ತು ಬಗೆಯ ಕಲ್ಪವೃಕ್ಷಗಳಲ್ಲಿ ವಸ್ತ್ರಾಂಗವೆಂಬುದೂ ಒಂದಾಗಿದ್ದು, ಬಯಸಿದವರಿಗೆ ಬಯಸಿದ ಬಟ್ಟೆಯನ್ನು ಅದು ಒದಗಿಸುತ್ತಿತ್ತೆಂದು ಪುರಾಣಗಳು ವರ್ಣಿಸುತ್ತವೆ. ಕಾಲವು ಇಳಿಮುಖವಾಗಿ ಆ ವೃಕ್ಷಗಳು ಕಣ್ಮರೆಯಾದಾಗ ಕಂಗೆಟ್ಟ ಪ್ರಜೆಗಳಿಗೆ ಆದಿತೀರ್ಥಂಕರರು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಷಟ್ಕರ್ಮಗಳನ್ನು ಉಪದೇಶಿಸಿದರು. ಜಿನಸೇನಾಚಾರ್ಯರ ಪೂರ್ವಪುರಾಣದಲ್ಲಿಯೂ, ಕ್ರಿ.ಶ. 941ರಲ್ಲಿ ರಚಿತವಾದ ಪಂಪನ ಆದಿಪುರಾಣದಲ್ಲಿಯೂ ಬರುವ ಈ ಪ್ರಸಂಗವು ಪಂಚಕಲ್ಯಾಣ ಮಹೋತ್ಸವಗಳನ್ನು ಕಂಡ ಶ್ರಾವಕರಿಗೆ ಚಿರಪರಿಚಿತವಾದುದು. ಕರ್ಮಭೂಮಿ ಬಂದ ಮೇಲೂ ಮಾನವನ ಬಟ್ಟೆಯ ಬಹುಭಾಗ ಗಿಡಮರಗಳಿಂದಲೇ ಬಂದಿತು. ಆದರೆ ನಡುವೆ ನೇಗಿಲು, ಕದಿರು, ಮಗ್ಗಗಳು ಸೇರಿಕೊಂಡವು. ವಸ್ತ್ರಾಂಗ ವೃಕ್ಷದ ಸ್ಥಾನವನ್ನು ಹತ್ತಿ, ಅಗಸೆ, ಸೆಣಬುಗಳು ವಹಿಸಿಕೊಂಡವೆಂದರೆ ತಪ್ಪಾಗಲಾರದು.

ಚಾಮರಾಜನಗರ ತಾಲ್ಲೂಕಿನ ಹೋಬಳಿ ಕೇಂದ್ರವಾದ ಚಂದಕವಾಡಿಯ ಸುತ್ತಣ ಸೀಮೆಯನ್ನು ಇಂದು ನೋಡುವವರಿಗೆ ಅರಿಶಿನ, ಬಾಳೆ, ಕಬ್ಬು, ಹಿಪ್ಪುನೇರಳೆಗಳು ಮೊದಲು ಕಣ್ಣಿಗೆ ಬೀಳುತ್ತವೆ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು. ದಕ್ಷಿಣಕ್ಕೆ ತಮಿಳುನಾಡಿಗೆ ಇಳಿಯುವ ಘಟ್ಟಗಳು. ಹೊಯ್ಸಳರ ಕಾಲದಲ್ಲಿ ಎಣ್ಣೆನಾಡೆಂದು ಹೆಸರಾಗಿದ್ದ ಪ್ರದೇಶವಿದು. ವಿಷ್ಣುವರ್ಧನನ ದಂಡನಾಯಕನಾದ ಪುಣಿಸಮಯ್ಯನು ಶಕ 1039ರಲ್ಲಿ, ಎಂದರೆ ಕ್ರಿ.ಶ. 1117ರಲ್ಲಿ, ಇಲ್ಲಿಯ ಅರಕೊಟ್ಟಾರದಲ್ಲಿ ತ್ರಿಕೂಟ ಬಸದಿಯನ್ನು ಕಟ್ಟಿಸಿದನು. ಅರಿಕುಠಾರವೆಂದು ಮುಂದೆ ಪ್ರಸಿದ್ಧವಾದ ಆ ಊರೇ 1818ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಚಾಮರಾಜನಗರವೆಂಬ ಹೆಸರನ್ನು ಪಡೆಯಿತು. ಇದೇ ತಾಲ್ಲೂಕಿನ ಮಲೆಯೂರಿನ ಕನಕಗಿರಿಯು ಪೂಜ್ಯಪಾದಾಚಾರ್ಯರ ತಪೋಭೂಮಿಯೆಂದು ಪರಂಪರೆಯು ನಂಬಿಕೊಂಡು ಬಂದಿದೆ.

ನಾರು ಮತ್ತು ವಸ್ತ್ರಗಳ ಚರಿತ್ರೆಗೆ ಪೂಜ್ಯಪಾದರ ಸ್ಮರಣೆ ಏಕೆ ಎಂಬ ಪ್ರಶ್ನೆ ಏಳಬಹುದು. ತತ್ತ್ವಾರ್ಥಸೂತ್ರಕ್ಕೆ ಅವರು ರಚಿಸಿದ ಸರ್ವಾರ್ಥಸಿದ್ಧಿಯಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ವಿವರಿಸುವಾಗ ‘ಕುಪ್ಯ’ ಎಂಬ ಪದಕ್ಕೆ ಅರ್ಥ ಹೇಳಬೇಕಾಗಿ ಬಂದಿದೆ. ಅಲ್ಲಿ ಆಚಾರ್ಯರು ಕ್ಷೌಮ, ಕಾರ್ಪಾಸ, ಕೌಶೇಯ ಎಂಬ ಮೂರು ವಸ್ತ್ರಗಳನ್ನು ಚಂದನಾದಿಗಳೊಡನೆ ಹೆಸರಿಸಿದ್ದಾರೆ. ಕ್ಷೌಮವು ಅಗಸೆ ಮೊದಲಾದ ಗಿಡಗಳ ತೊಗಟೆಯ ನಾರಿನದು, ಕಾರ್ಪಾಸವು ಹತ್ತಿಯದು, ಕೌಶೇಯವು ರೇಷ್ಮೆಯದು. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದಿನ ಗೃಹಸ್ಥನ ಮನೆಯ ಪೆಟ್ಟಿಗೆಯಲ್ಲಿ ಇರಬಹುದಾಗಿದ್ದ ಬಟ್ಟೆಗಳು ಇವು ಎಂಬುದು ಈ ಒಂದು ಮಾತಿನಿಂದ ತಿಳಿಯುತ್ತದೆ. ಗೃಹಸ್ಥನು ಇವುಗಳಿಗೆ ತಾನೇ ಹಾಕಿಕೊಂಡ ಮಿತಿಯನ್ನು ಮೀರಬಾರದೆಂಬುದು ಅಲ್ಲಿಯ ತಾತ್ಪರ್ಯ. ಶ್ವೇತಾಂಬರ ಪರಂಪರೆಯ ಆಚಾರಾಂಗದಲ್ಲಿ ಭಿಕ್ಷುವು ಸ್ವೀಕರಿಸಬಹುದಾದ ವಸ್ತ್ರಗಳ ಪಟ್ಟಿಯೇ ಇದ್ದು, ಅದರಲ್ಲಿ ಶಣದ ಬಟ್ಟೆಯೂ ಸೇರಿದೆ. ಶಣವೆಂದರೆ ಸೆಣಬು.

ಈ ಸೆಣಬಿನ ವಿಷಯದಲ್ಲಿ ಒಂದು ಗೊಂದಲವನ್ನು ಮೊದಲೇ ಬಿಡಿಸಬೇಕಾಗಿದೆ. ಇಂದು ಸೆಣಬು ಎಂದೊಡನೆ ಬಂಗಾಳದ ಜೂಟ್ ನೆನಪಿಗೆ ಬರುವುದು ಸಹಜ. ಪತ್ರಿಕೆಗಳಲ್ಲಿಯೂ ಪಠ್ಯಪುಸ್ತಕಗಳಲ್ಲಿಯೂ ಜೂಟ್ ಎಂಬುದಕ್ಕೆ ಸೆಣಬೆಂಬ ಮಾತೇ ರೂಢವಾಗಿದೆ. ಆದರೆ ಮೈಸೂರು ಸೀಮೆಯ ರೈತನು ಸೆಣಬೆಂದು ಕರೆಯುವ ಗಿಡವೇ ಬೇರೆ. ಹುರುಳಿ, ತೊಗರಿಗಳ ವಂಶಕ್ಕೆ ಸೇರಿದ, ಹಳದಿ ಹೂ ಬಿಡುವ, ಬೇರಿನಲ್ಲಿ ಗಂಟುಗಳಿದ್ದು ಮಣ್ಣಿಗೆ ಸಾರಜನಕವನ್ನು ಸೇರಿಸುವ ಗಿಡ ಅದು. ಸಸ್ಯಶಾಸ್ತ್ರಜ್ಞರು ಇದನ್ನು ಕ್ರೊಟಲೇರಿಯ ಜುನ್ಸಿಯ ಎನ್ನುತ್ತಾರೆ. ತೆಲುಗರ ಜನುಮು ಇದೇ. ಬಂಗಾಳದ ಜೂಟ್ ಕಾರ್ಕೋರಸ್ ಎಂಬ ಕುಲದ್ದು. ಅದಕ್ಕೆ ನದೀಮುಖಜದ ಮೆಕ್ಕಲುಮಣ್ಣು, ಧಾರಾಳವಾದ ಮಳೆ, ತೇವಭರಿತ ಹವೆ, ಕೊಳೆಹಾಕಲು ಮೆಲ್ಲಗೆ ಹರಿಯುವ ನೀರು ಬೇಕು. ಮಳೆ ಕಡಿಮೆಯಾದ ಚಂದಕವಾಡಿ ಸೀಮೆಗೆ ಅದು ಹೊಂದುವ ಬೆಳೆಯಲ್ಲ. ಇಲ್ಲಿಗೆ ಒಗ್ಗಿದುದು ದೇಶಿ ಸೆಣಬೇ.

ನಾರಿಗಾಗಿ ಬೆಳೆಯುವಾಗ ಸೆಣಬಿನ ಬೀಜವನ್ನು ಒತ್ತಾಗಿ ಚೆಲ್ಲುತ್ತಾರೆ. ಗಿಡಗಳು ಒಂದಕ್ಕೊಂದು ಒತ್ತಿಕೊಂಡು ಕವಲೊಡೆಯದೆ ನೆಟ್ಟಗೆ ಆಳೆತ್ತರಕ್ಕೂ ಮೀರಿ ಏಳಲೆಂಬುದು ಇದರ ಉದ್ದೇಶ. ಕವಲೊಡೆದರೆ ನಾರು ತುಂಡಾಗುತ್ತದೆ. ಕೊಯ್ದ ಗಿಡಗಳನ್ನು ಕಂತೆ ಕಟ್ಟಿ, ಎಲೆ ಉದುರಲೆಂದು ಕೆಲವು ದಿನ ಹೊಲದಲ್ಲೇ ಬಿಟ್ಟು, ಬಳಿಕ ಕುಂಟೆಯ ನೀರಿನಲ್ಲಿ ಕಲ್ಲು ಹೇರಿ ಮುಳುಗಿಸಿಡಬೇಕು. ನೀರು ಬೆಚ್ಚಗಿದ್ದರೆ ಒಂದು ವಾರದೊಳಗೆ ತೊಗಟೆ ಸಡಿಲಾಗುತ್ತದೆ. ಕೊಳೆತದ್ದು ಸಾಲದೆ ಹೋದರೆ ನಾರು ಬಿಡುವುದಿಲ್ಲ, ಹೆಚ್ಚಾದರೆ ನಾರಿನ ಬಲವೇ ಹೋಗುತ್ತದೆ. ಆ ಹದವನ್ನು ಬೆರಳಿನಿಂದ ಮುಟ್ಟಿ ನೋಡಿಯೇ ತಿಳಿಯಬೇಕು. ಆಮೇಲೆ ಮೊಣಕಾಲುದ್ದದ ನೀರಿನಲ್ಲಿ ನಿಂತು ಬುಡದ ಕಡೆಯಿಂದ ನಾರನ್ನು ಸುಲಿದು, ಬಡಿದು, ಒಗೆದು, ಬಿಸಿಲಿಗೆ ಹರಡುತ್ತಾರೆ. ಕೊಳೆಹಾಕಿದ ನೀರಿನ ದುರ್ವಾಸನೆ ಊರಿಗೆಲ್ಲ ಹಬ್ಬುವುದರಿಂದಲೂ, ಅದರಲ್ಲಿ ಮೀನು ಬದುಕದಿರುವುದರಿಂದಲೂ ಈ ಕೆಲಸಕ್ಕೆ ಕುಡಿಯುವ ನೀರಿನಿಂದ ದೂರವಾದ ಕುಂಟೆಯೇ ಬೇಕಾಗುತ್ತದೆ.

ಹೀಗೆ ಸಿದ್ಧವಾದ ನಾರು ಒಕ್ಕಲುತನದ ಸಮಸ್ತ ವ್ಯವಹಾರಕ್ಕೂ ಆಧಾರವಾಗಿತ್ತು. ದನದ ಕಣ್ಣಿ, ಮೂಗುದಾರ, ಬಾವಿಯ ಹಗ್ಗ, ಅಡಿಗೆಮನೆಯಲ್ಲಿ ಗಡಿಗೆಗಳನ್ನು ತೂಗಿಡುವ ನೆಲುವು, ಕಾಳು ಹರಡುವ ತಟ್ಟು, ಇವೆಲ್ಲಕ್ಕೂ ನಾರೇ ಬೇಕು. ಹನ್ನೆರಡನೆಯ ಶತಮಾನದ ಶರಣ ನುಲಿಯ ಚಂದಯ್ಯನು ಹುರಿ ಹೊಸೆದು ಮಾರುವ ಕಾಯಕದಿಂದಲೇ ಹೆಸರಾದವನೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ ನಾರಿನ ನಿಜವಾದ ಮಹತ್ವವಿದ್ದುದು ಗೋಣಿಯಲ್ಲಿ.

ಗೋಣಿಯು ಬಲು ಹಳೆಯ ಮಾತು. ಪಾಣಿನಿಯ ಅಷ್ಟಾಧ್ಯಾಯಿಯಲ್ಲಿಯೇ ಧಾನ್ಯ ತುಂಬುವ ಚೀಲವೆಂಬ ಅರ್ಥದ ಗೋಣೀ ಶಬ್ದಕ್ಕೆ ವ್ಯಾಕರಣದ ಕಾರ್ಯವನ್ನು ವಿಧಿಸಲಾಗಿದೆ. ಇಂಗ್ಲಿಷರು ಬಳಸುವ ಗನ್ನಿ ಎಂಬ ಶಬ್ದಕ್ಕೂ ಇದೇ ಮೂಲ. ಗಾಡಿದಾರಿಗಳು ಅಪರೂಪವಾಗಿದ್ದ ಕಾಲದಲ್ಲಿ ವಾಣಿಜ್ಯವೆಂದರೆ ಹೇರೆತ್ತು. ಹೇರೆತ್ತೆಂದರೆ ಅದರ ಬೆನ್ನಿನ ಎರಡು ಮಗ್ಗುಲಿಗೂ ಇಳಿಬಿದ್ದ ಗೋಣಿ ಅಥವಾ ಹಸುಬೆ. ಗೋಣಿ ಹರಿದರೆ ವ್ಯಾಪಾರಿಯ ಬಂಡವಾಳ ಹಾದಿಯ ಪಾಲು. ಪುಣಿಸಮಯ್ಯನ 1117ರ ಶಾಸನವು ಅವನ ಔದಾರ್ಯವನ್ನು ಹೇಳುವಾಗ ಕೆಟ್ಟುಹೋದ ವ್ಯಾಪಾರಿಗಳನ್ನೂ ಬಿತ್ತನೆಗೆ ಬೀಜವಿಲ್ಲದ ಒಕ್ಕಲಿಗರನ್ನೂ ಒಟ್ಟಿಗೆ ನೆನೆಯುತ್ತದೆ. ಅವರಿಗೆ ಕಳೆದುಕೊಂಡುದನ್ನು ಕೊಟ್ಟು ಕಾಪಾಡಿದನೆಂದು ಸ್ತುತಿಸುತ್ತದೆ. ಬಸದಿ ಕಟ್ಟಿಸಿದ ದಂಡನಾಯಕನೊಬ್ಬನ ಕೀರ್ತಿಗೆ ಇದು ಯುದ್ಧಜಯಗಳಷ್ಟೇ ಮುಖ್ಯವೆಂದು ಶಾಸನಕವಿಗೆ ತೋರಿದ್ದು ಗಮನಾರ್ಹ. ಬೀಜವೂ ಸರಕೂ ಆ ದಿನಗಳಲ್ಲಿ ಊರಿಂದೂರಿಗೆ ಎತ್ತಿನ ಬೆನ್ನಿನ ಮೇಲೆಯೇ ಸಾಗಬೇಕಾಗಿದ್ದಿತು.

ಎಣ್ಣೆನಾಡು ಮೈಸೂರಿಗೂ ಕೊಯಮತ್ತೂರು ಸೀಮೆಗೂ ನಡುವಣ ಹಾದಿಯಲ್ಲಿದೆ. ಗಜ್ಜಲಹಟ್ಟಿಯ ಕಣಿವೆಯಿಂದ 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನನ ಸೈನ್ಯ ಕೆಳಗಿಳಿದುದು ಚರಿತ್ರೆಯ ಪುಸ್ತಕಗಳಲ್ಲಿ ಬಂದಿದೆ. ಆದರೆ ಸೈನ್ಯಗಳ ಹಿಂದೆಯೂ ಮುಂದೆಯೂ ಧಾನ್ಯದ ಗೋಣಿಗಳನ್ನು ಹೊತ್ತು ನಡೆದ ಎತ್ತುಗಳ ಸಾಲಿಗೆ ಅಲ್ಲಿ ಸ್ಥಳ ಕಡಿಮೆ. ಕಾರ್ನವಾಲಿಸನ ಸೈನ್ಯವು 1791–92ರಲ್ಲಿ ಶ್ರೀರಂಗಪಟ್ಟಣವನ್ನು ಮುತ್ತಲು ಸಾಧ್ಯವಾದದ್ದು ಲಂಬಾಣಿಗರ ಹೇರೆತ್ತುಗಳು ತಂದೊದಗಿಸಿದ ಧಾನ್ಯದಿಂದ. ತೋಪು ಎಷ್ಟೇ ದೊಡ್ಡದಿರಲಿ, ಗೋಣಿ ಬರದಿದ್ದರೆ ಸೈನ್ಯ ಹಸಿದು ಹಿಂದಿರುಗಬೇಕಾಗುತ್ತಿತ್ತು.

ಶ್ರೀರಂಗಪಟ್ಟಣದ ಪತನದ ನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ 1800ರಲ್ಲಿ ಈ ಸೀಮೆಗಳನ್ನು ಸುತ್ತಿದ ಡಾಕ್ಟರ್ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸಕಥನವನ್ನು 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟಿಸಿದನು. ಬೆಂಗಳೂರಿನ ಸುತ್ತ ಜನುಪವೆಂಬ ಗಿಡವನ್ನು ಬೆಳೆದು ಅದರ ನಾರಿನಿಂದ ಗೋಣಿ ನೇಯುವುದನ್ನೇ ಕಸಬಾಗಿ ಉಳ್ಳ ಜನವರ್ಗವನ್ನು ಅವನು ಅದರಲ್ಲಿ ವರ್ಣಿಸಿದ್ದಾನೆ. ಒಂದು ಶತಮಾನದ ತರುವಾಯ, 1909ರಲ್ಲಿ, ಎಡ್ಗರ್ ಥರ್ಸ್ಟನ್ನನ ಗ್ರಂಥದಲ್ಲಿ ಗೋಣಿಗರೆಂಬ ಹೆಸರಿನಿಂದ ಅವರು ಮತ್ತೆ ಕಾಣಿಸಿಕೊಳ್ಳುತ್ತಾರೆ. ಆದರೆ ಆ ವೇಳೆಗೆ ಅವರ ಮಗ್ಗಕ್ಕೆ ದೂರದೇಶದ ಪ್ರತಿಸ್ಪರ್ಧಿಯೊಬ್ಬ ಹುಟ್ಟಿಕೊಂಡಿದ್ದನು.

ಆ ಪ್ರತಿಸ್ಪರ್ಧಿಯೇ ಯಂತ್ರದ ಜೂಟ್. ಸ್ಕಾಟ್ಲೆಂಡಿನ ಡಂಡಿ ನಗರದ ಗಿರಣಿಗಳು 1830ರ ದಶಕದಲ್ಲಿ ಬಂಗಾಳದ ಜೂಟನ್ನು ಯಂತ್ರದಿಂದ ನೂಲಲು ಕಲಿತವು. ಬಿರುಸಾದ ಈ ನಾರು ಒಣಗಿದಂತೆಯೇ ಯಂತ್ರಕ್ಕೆ ಬಗ್ಗುತ್ತಿರಲಿಲ್ಲ. ಅದನ್ನು ಮೆದುಗೊಳಿಸಲು ಕಂಡುಕೊಂಡ ಉಪಾಯವೆಂದರೆ ನೀರಿನೊಡನೆ ತಿಮಿಂಗಿಲದ ಎಣ್ಣೆಯನ್ನು ಬೆರೆಸಿ ಹಚ್ಚುವುದು. ಡಂಡಿಯು ತಿಮಿಂಗಿಲ ಬೇಟೆಯ ಬಂದರೂ ಆಗಿದ್ದುದರಿಂದ ಎಣ್ಣೆಗೆ ಕೊರತೆ ಇರಲಿಲ್ಲ. ಗಿಡದಿಂದ ಬಂದ ನಾರಾದರೂ ಡಂಡಿಯ ಗೋಣಿಯ ಹಿಂದೆ ಮಹಾಸಾಗರದ ಪಂಚೇಂದ್ರಿಯ ಪ್ರಾಣಿಯೊಂದರ ವಧೆ ಅಡಗಿತ್ತೆಂಬುದು ಶ್ರಾವಕರು ಅರಿಯಬೇಕಾದ ಸಂಗತಿ. ಮುಂದೆ ಆ ಎಣ್ಣೆಯ ಸ್ಥಾನದಲ್ಲಿ ಖನಿಜತೈಲ ಬಂದಿತು. ಅದರ ವಾಸನೆ ಆಹಾರಪದಾರ್ಥಕ್ಕೆ ತಗಲುವುದೆಂಬ ಆಕ್ಷೇಪ ಬಂದುದರಿಂದ, ಆಹಾರ ತುಂಬುವ ಚೀಲಗಳಿಗೆ ಅಕ್ಕಿಯ ತೌಡಿನ ಎಣ್ಣೆಯಂಥ ಸಸ್ಯಮೂಲದ ಎಣ್ಣೆಗಳನ್ನು ಬಳಸುವ ಕ್ರಮವೂ ಈಚೆಗೆ ರೂಢಿಗೆ ಬಂದಿದೆ.

ಭಾರತದ ಮೊದಲನೆಯ ಜೂಟ್ ನೂಲುವ ಗಿರಣಿಯನ್ನು 1855ರಲ್ಲಿ ಜಾರ್ಜ್ ಆಕ್ಲೆಂಡ್ ಎಂಬುವನು ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ಸ್ಥಾಪಿಸಿದನು. ಕ್ರಿಮಿಯಾ ಯುದ್ಧದಿಂದಾಗಿ ರಷ್ಯದ ಅಗಸೆನಾರು ಮತ್ತು ಭಂಗಿನಾರು ಯೂರೋಪಿಗೆ ದೊರೆಯದಾಗಿದ್ದ ಸಮಯವದು. ಹೂಗ್ಲಿ ನದಿಯ ಎರಡು ದಡಗಳಲ್ಲಿಯೂ ಗಿರಣಿಗಳು ಬೆಳೆದುವು. ರೈಲುಗಳು ಅವುಗಳ ಗೋಣಿಯನ್ನು ದೇಶದ ಮೂಲೆಮೂಲೆಗೆ ತಲುಪಿಸಿದುವು. 1926ರಲ್ಲಿ ನಂಜನಗೂಡಿನಿಂದ ಚಾಮರಾಜನಗರಕ್ಕೆ ರೈಲು ಬಂದ ಮೇಲೆ ಈ ಸೀಮೆಗೂ ಆ ಹಾದಿ ತೆರೆಯಿತು. ಅಳತೆಯಲ್ಲಿ ಒಂದೇ ಸಮನಾದ, ಅಗ್ಗವಾದ ಗಿರಣಿಗೋಣಿಯೆದುರು ಕೈಮಗ್ಗದ ಗೋಣಿತಟ್ಟು ನಿಲ್ಲಲಾರದೆ ಹೋದುದರಲ್ಲಿ ಆಶ್ಚರ್ಯವಿಲ್ಲ. ಮಗ್ಗ ನಿಂತ ಮೇಲೆ ನಾರಿಗೆ ಗಿರಾಕಿ ಇಲ್ಲ. ಗಿರಾಕಿ ಇಲ್ಲದ ಮೇಲೆ ಕೊಳೆಹಾಕುವ ಕಷ್ಟವೇಕೆ?

ಜೂಟಿನ ವೈಭವಕ್ಕೂ ವಿಪತ್ತು ತಪ್ಪಲಿಲ್ಲ. 1947ರ ದೇಶವಿಭಜನೆಯಿಂದ ಗಿರಣಿಗಳು ಭಾರತದಲ್ಲಿ ಉಳಿದು, ಉತ್ತಮ ಜೂಟ್ ಬೆಳೆಯುವ ಹೊಲಗಳ ಹೆಚ್ಚಿನ ಭಾಗ ಪೂರ್ವ ಪಾಕಿಸ್ತಾನಕ್ಕೆ ಸೇರಿತು. ಕೊರತೆಯನ್ನು ತುಂಬಲು ಇತರ ಪ್ರಾಂತ್ಯಗಳಲ್ಲಿ ಮೆಸ್ತಾ ಬೆಳೆಗೆ ಪ್ರೋತ್ಸಾಹ ದೊರೆಯಿತು. ಉತ್ತರ ಕರ್ನಾಟಕದವರು ಪುಂಡಿ ಎಂದು ಕರೆದು, ಎಲೆಯನ್ನು ಪಲ್ಯಕ್ಕೂ ಕಾಂಡವನ್ನು ಹಗ್ಗಕ್ಕೂ ಬಳಸುತ್ತ ಬಂದ ಗಿಡವೇ ಈ ಮೆಸ್ತಾ. ಆಮೇಲೆ ಬಂದುದು ಪ್ಲಾಸ್ಟಿಕ್. ಅದರ ಹಾವಳಿಯನ್ನು ತಡೆಯಲೆಂದೇ 1987ರಲ್ಲಿ ಕೆಲವು ಸರಕುಗಳನ್ನು ಜೂಟಿನ ಚೀಲಗಳಲ್ಲಿಯೇ ತುಂಬಬೇಕೆಂಬ ಕಾನೂನನ್ನು ಕೇಂದ್ರ ಸರ್ಕಾರ ಮಾಡಬೇಕಾಯಿತು. ಹೀಗೆ ಗೋಣಿಗನ ಮಗ್ಗವನ್ನು ನಿಲ್ಲಿಸಿದ ಗಿರಣಿಯೇ ಇಂದು ಕಾನೂನಿನ ಆಸರೆಯಲ್ಲಿ ನಿಂತಿದೆ. ಸಂತೆಗಳಲ್ಲಿ ಈಗ ಕಾಣುವುದು ಬಿಳಿಯ ಪ್ಲಾಸ್ಟಿಕ್ ಚೀಲವೇ ಹೆಚ್ಚು. ಜನರು ಮಾತ್ರ ರೂಢಿಯ ಬಲದಿಂದ ಅದನ್ನೂ ಗೋಣಿಯೆಂದೇ ಕರೆಯುವುದುಂಟು.

ಪೂಜ್ಯಪಾದರು ಹೆಸರಿಸಿದ ಎರಡನೆಯ ವಸ್ತ್ರವಾದ ಕಾರ್ಪಾಸಕ್ಕೆ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಎರೆಮಣ್ಣು ಒಗ್ಗಿದ ನೆಲ. ಮೊಹೆಂಜೊದಾರೊವಿನಲ್ಲಿ ದೊರೆತ ಬಟ್ಟೆಯ ಚೂರಿನಿಂದ ಸಿದ್ಧಪಟ್ಟಂತೆ ಹತ್ತಿಯ ನೇಯ್ಗೆ ಭರತಖಂಡದಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯದು. ಆ ದೀರ್ಘ ಕಥೆಯನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ಈ ಸೀಮೆಗೆ ಸಮೀಪದ ಒಂದು ಪ್ರಯತ್ನವನ್ನು ಮಾತ್ರ ಹೇಳಲೇಬೇಕು. ನಂಜನಗೂಡು ತಾಲ್ಲೂಕಿನ ಬದನವಾಳಿನಲ್ಲಿ 1927ರಲ್ಲಿ ಮೈಸೂರು ಸರ್ಕಾರವು ಖಾದಿ ಕೇಂದ್ರವನ್ನು ತೆರೆಯಿತು. ಸುತ್ತಣ ಹಳ್ಳಿಗಳ ಹೆಂಗಸರು ನೂತ ನೂಲನ್ನು ಕೊಂಡು ಬಟ್ಟೆ ನೇಯಿಸುವ ವ್ಯವಸ್ಥೆ ಅಲ್ಲಿ ಏರ್ಪಟ್ಟಿತು. ಗಾಂಧೀಜಿಯವರ ಗಮನವನ್ನು ಸೆಳೆದ ಆ ಕೇಂದ್ರ ಕಾಲಕ್ರಮದಲ್ಲಿ ಸೊರಗಿತು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅವರು ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಲು ಆರಿಸಿಕೊಂಡ ಸ್ಥಳ ಅದೇ ಬದನವಾಳು. ದಿಗಂಬರ ಪರಂಪರೆಯಲ್ಲಿ ಆರ್ಯಿಕೆಯರ ಏಕಮಾತ್ರ ಬಿಳಿಯ ಸೀರೆಯೂ ಕ್ಷುಲ್ಲಕರ ಲಂಗೋಟಿ ಮತ್ತು ಖಂಡವಸ್ತ್ರಗಳೂ ಹತ್ತಿಯವೇ ಆಗಿರುವುದು ಎಲ್ಲರೂ ಬಲ್ಲ ಸಂಗತಿ. ಮುನಿಗಳಂತೂ ಮೂರು ಬಗೆಯ ವಸ್ತ್ರವನ್ನೂ ತೊರೆದವರು.

ಇನ್ನು ಮೂರನೆಯದಾದ ಕೌಶೇಯ. ಟಿಪ್ಪುವಿನ ಕಾಲದಲ್ಲಿ ಮೈಸೂರಿನಲ್ಲಿ ಬೇರೂರಿದ ರೇಷ್ಮೆ ಬೇಸಾಯವು ಇಂದು ಚಾಮರಾಜನಗರ ಜಿಲ್ಲೆಯ ಅನೇಕ ಕುಟುಂಬಗಳ ಅನ್ನದ ದಾರಿ. ಕೊಳ್ಳೇಗಾಲದ ರೇಷ್ಮೆ ನೇಯ್ಗೆ ಹೊರನಾಡುಗಳಲ್ಲಿಯೂ ಹೆಸರಾಗಿದೆ. ಒಂದು ಕಿಲೋ ಕಚ್ಚಾ ರೇಷ್ಮೆಗೆ ಸುಮಾರು ಏಳೆಂಟು ಕಿಲೋ ಗೂಡು ಬೇಕು. ಎಂದರೆ ಸಾವಿರಾರು ಹುಳುಗಳು. ಎಳೆ ತುಂಡಾಗಬಾರದೆಂದು ಚಿಟ್ಟೆ ಹೊರಬರುವ ಮೊದಲೇ ಗೂಡನ್ನು ಬಿಸಿಗೊಡ್ಡುತ್ತಾರೆ. ಇದನ್ನು ಮನಗಂಡು ಪೂಜಾಸಮಯದಲ್ಲಿ ರೇಷ್ಮೆಯನ್ನು ಬಿಟ್ಟು ಹತ್ತಿಯ ಧೋತ್ರವನ್ನೇ ಉಡುವ ಶ್ರಾವಕರು ಅನೇಕರಿದ್ದಾರೆ. ಹಿರಿಯರಿಂದ ಬಂದ ಮಡಿಯೆಂದು ರೇಷ್ಮೆಯನ್ನು ಉಳಿಸಿಕೊಂಡ ಮನೆಗಳೂ ಇವೆ. ನೆರೆಹೊರೆಯ ರೈತನ ಜೀವನೋಪಾಯವನ್ನು ಹಳಿಯುವುದು ಸುಲಭ, ಆದರೆ ಅದು ನ್ಯಾಯವಾಗದು.

ಸಸ್ಯದ ನಾರೆಂದ ಮಾತ್ರಕ್ಕೆ ಹಿಂಸೆಯಿಲ್ಲವೆಂದು ತಿಳಿಯುವುದೂ ಪೂರ್ಣ ಸತ್ಯವಲ್ಲ. ವನಸ್ಪತಿಯು ಏಕೇಂದ್ರಿಯ ಜೀವವೆಂದು ಸಿದ್ಧಾಂತವೇ ಹೇಳುತ್ತದೆ. ಸೆಣಬು ಕೊಳೆಯುವ ಕುಂಟೆಯ ನೀರಿನಲ್ಲಿ ಎಷ್ಟು ಜೀವಿಗಳು ಅಳಿಯುವವೋ ಎಣಿಸಿದವರಿಲ್ಲ. ಹತ್ತಿಯ ಹೊಲಕ್ಕೆ ಸಿಂಪಡಿಸುವ ಕೀಟನಾಶಕಗಳ ಪ್ರಮಾಣ ಇತರ ಅನೇಕ ಬೆಳೆಗಳಿಗಿಂತ ಹೆಚ್ಚಿನದು. ಕಾಯಿಕೊರಕದ ಕಾಟವನ್ನು ತಡೆಯಲು 2002ರಲ್ಲಿ ಭಾರತಕ್ಕೆ ಬಂದ ಬಿಟಿ ಹತ್ತಿಯು ಸಿಂಪಡಣೆಯನ್ನು ಮೊದಮೊದಲು ತಗ್ಗಿಸಿತಾದರೂ, ಗುಲಾಬಿ ಕಾಯಿಕೊರಕವು ಅದನ್ನು ತಾಳಿಕೊಳ್ಳಲು ಕಲಿತ ಮೇಲೆ ರೈತನು ಮತ್ತೆ ಔಷಧಿಯ ಅಂಗಡಿಗೆ ಹೋಗುವಂತಾಯಿತು. ಈ ದೃಷ್ಟಿಯಿಂದ ನೋಡಿದರೆ ದೇಶಿ ಸೆಣಬು ಹೆಚ್ಚು ಸಾಧುವಾದ ಗಿಡ: ಮಣ್ಣನ್ನು ಬಡವಾಗಿಸುವುದಿಲ್ಲ, ಒತ್ತಾಗಿ ಬೆಳೆದು ಕಳೆಯನ್ನು ತಾನೇ ಅಡಗಿಸುತ್ತದೆ.

ಸೆಣಬು ಈ ಸೀಮೆಯಿಂದ ಪೂರ್ತಿಯಾಗಿ ಮರೆಯಾಗಿಲ್ಲವೆಂಬುದು ವಿಶೇಷ. ಕೃ಼ಷಿ ಇಲಾಖೆಯವರು ಹಸಿರೆಲೆ ಗೊಬ್ಬರಕ್ಕಾಗಿ ಇದರ ಬಿತ್ತನೆಯನ್ನು ಸಲಹೆ ಮಾಡುತ್ತಾರೆ. ಆದರೆ ಈಗಿನ ಬೇಸಾಯದಲ್ಲಿ ಹೂ ಬಿಡುವ ಹೊತ್ತಿಗೆ, ಸುಮಾರು ಒಂದೂವರೆ ತಿಂಗಳಿಗೇ, ಗಿಡವನ್ನು ಉತ್ತು ಮಣ್ಣಿಗೆ ಸೇರಿಸಿಬಿಡುತ್ತಾರೆ. ಕಾಂಡದಲ್ಲಿ ನಾರು ಬಲಿಯುವ ವೇಳೆಗೆ ಗಿಡವೇ ಇರುವುದಿಲ್ಲ. ನೆಲಕ್ಕೆ ಇದರಿಂದ ಲಾಭವೇ ಹೊರತು ನಷ್ಟವಿಲ್ಲ. ನಷ್ಟವಾದುದು ಹದವರಿತು ಕೊಳೆಹಾಕುವ, ಸುಲಿಯುವ, ಹೊಸೆಯುವ ಕೈಯ ಅರಿವು.

ಆ ಅರಿವಿನ ಒಂದು ಎಳೆ ಬಾಳೆಯ ಮೂಲಕ ಹಿಂದಿರುಗುತ್ತಿರುವಂತಿದೆ. ಒಮ್ಮೆ ಗೊನೆ ಬಿಟ್ಟ ಬಾಳೆ ಮತ್ತೆ ಫಲ ಕೊಡದು; ಗೊನೆ ಕಡಿದ ಮೇಲೆ ದಿಂಡು ತೋಟಕ್ಕೆ ಭಾರ. ಚಂದಕವಾಡಿಯಿದ್ದ ತಾಲ್ಲೂಕಿನಲ್ಲಿಯೇ ಇರುವ, ಒಂದು ಕಾಲಕ್ಕೆ ಕೃಷ್ಣದೇವರಾಯನನ್ನೇ ಎದುರಿಸಿ ನಿಂತ ಪಾಳೆಯಗಾರರ ಉಮ್ಮತ್ತೂರಿನಲ್ಲಿ, ಈಚಿನ ವರ್ಷಗಳಲ್ಲಿ ಆ ದಿಂಡಿನಿಂದ ಯಂತ್ರದ ಮೂಲಕ ನಾರು ತೆಗೆದು ಚೀಲ, ಚಾಪೆ ಮೊದಲಾದ ಕರಕುಶಲ ವಸ್ತುಗಳನ್ನು ತಯಾರಿಸುವ ಸಣ್ಣ ಉದ್ಯಮ ನಡೆದಿದೆ. ಹಳ್ಳಿಯ ಹೆಂಗಸರಿಗೆ ಅದರಿಂದ ಕೆಲಸ ದೊರೆತಿದೆ. ಜೂಟಿನಂತೆ ಇದಕ್ಕೆ ಕುಂಟೆಯ ನೀರೂ ಬೇಡ, ಬೇರೆ ಹೊಲವೂ ಬೇಡ. ಬಾಳೆನಾರು ಈ ಸೀಮೆಗೆ ಹೊಸದೇನಲ್ಲ. ಹೂವಿನೊಡನೆ ನಾರೂ ಸ್ವರ್ಗ ಸೇರಿತೆಂಬ ಗಾದೆಯಲ್ಲಿ ಬರುವ ನಾರು ಇದೇ. ಜಿನಬಿಂಬಕ್ಕೆ ಅರ್ಪಿಸುವ ಮಾಲೆಯ ಹೂಗಳನ್ನು ಮುಂಜಾನೆ ಕಟ್ಟುವವರು ಒಣಗಿದ ಬಾಳೆಪಟ್ಟೆಯನ್ನು ನೀರಿನಲ್ಲಿ ನೆನೆಸಿ, ಉಗುರಿನಿಂದ ಸೀಳಿ ಎಳೆ ತೆಗೆಯುವುದನ್ನು ಬಸದಿಯ ಅಂಗಳದಲ್ಲಿ ಈಗಲೂ ನೋಡಬಹುದು.